ಹದಿನಾಲ್ಕು ನಮೋ ಮರಿಯಾ, ಒಂದು ಗಂಟು

ಬೆಳಗಿನ ಆರು ಗಂಟೆ ಹತ್ತೊಂಬತ್ತು ನಿಮಿಷ. ಕೊರ್ನೆಲ್ಲೊ ಊರಿನ ದಕ್ಕೆಯಲ್ಲಿ ಬೋಟಿನ ಎಂಜಿನ್ ಆಗಲೇ ಗುಡುಗುಡು ಎನ್ನುತ್ತಿದೆ. ಇಟಲಿಯ ಇಸೆಯೊ ಸರೋವರದ ಮೇಲೆ ಮಂಜು ಮೊಣಕಾಲೆತ್ತರಕ್ಕೆ ನಿಂತಿದೆ. ಎದುರಿನ ದ್ವೀಪದ ತಲೆ ಮಾತ್ರ ಕಾಣುತ್ತಿದೆ, ಬುಡವಿಲ್ಲ. ಬೋಟಿನ ಮೂತಿಯಲ್ಲಿ ನೀಲಿ ಕೋಟಿನ ತೋಳು ಮಡಚಿಕೊಂಡು, ದಕ್ಕೆಯ ಕಬ್ಬಿಣದ ಗೂಟಕ್ಕೆ ರಾತ್ರಿ ಬಿಗಿದ ಗಂಟಿನ ಮೇಲೆ ಎಡಗೈ ಇಟ್ಟು ಒರ್ಸೊಲಾ ತುರ್ಲಾ ನಿಂತಿದ್ದಾರೆ. ಕಣ್ಣು ನೀರಿನ ಮೇಲಿದೆ, ಕಿವಿ ಬೆಟ್ಟದ ಕಡೆಗಿದೆ.

ಬೆಟ್ಟದ ಮೇಲೆ ರೈಲು ನಿಲ್ದಾಣ. ದಕ್ಕೆಯಲ್ಲಿ ನಿಂತವರಿಗೆ ನಿಲ್ದಾಣವೂ ಕಾಣದು, ರೈಲೂ ಕಾಣದು. ಆದರೆ ಸುರಂಗದ ಬಾಯಲ್ಲಿರುವ ರೈಲ್ವೆ ಗೇಟು ಮುಚ್ಚುವಾಗ ಅದರ ಗಂಟೆ ಟಣಟಣ ಹೊಡೆದುಕೊಳ್ಳುತ್ತದೆ. ಇಂದು ಅದು ಕೇಳಿಸಿದ್ದು ಆರು ಇಪ್ಪತ್ತೆರಡಕ್ಕೆ. ಕೇಳಿದ ಕೂಡಲೇ ಒರ್ಸೊಲಾ ಅವರ ತುಟಿ ಸದ್ದಿಲ್ಲದೆ ಅಲುಗಾಡತೊಡಗುತ್ತದೆ. ಐದು ನಮೋ ಮರಿಯಾ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಬ್ರೆಶಾ ನಗರದ ಕಡೆಯಿಂದ ಬರುವ ರೈಲು ನಿಲ್ದಾಣದಲ್ಲಿ ನಿಲ್ಲುತ್ತದೆ. ಇನ್ನು ಒಂಬತ್ತು ಮುಗಿಯುವಷ್ಟರಲ್ಲಿ ಇಳಿದವರು ತೊಂಬತ್ತೆರಡು ಮೆಟ್ಟಿಲು ಇಳಿದು ದಕ್ಕೆಗೆ ಬರುತ್ತಾರೆ. ಒಟ್ಟು ಹದಿನಾಲ್ಕು.

"ಮಂಡಿನೋವಿನವರಿದ್ರೆ ಇನ್ನೆರಡು ಸೇರಿಸ್ಕೊಳ್ಳಿ. ಮಳೆ ಇದ್ರೆ ಒಂದು ಕಮ್ಮಿ ಮಾಡಿ, ಓಡಿ ಬರ್ತಾರೆ" ಎನ್ನುತ್ತಾರೆ ಅವರು.

ಹದಿನಾಲ್ಕನೆಯದು ತುಟಿಯಲ್ಲಿರುವಾಗಲೇ ಕೊನೆಯ ಹೆಜ್ಜೆ ಹಲಗೆಯ ಮೇಲೆ ಸದ್ದು ಮಾಡುತ್ತದೆ. ಒರ್ಸೊಲಾ ಅವರ ಬೆರಳು ಗಂಟಿನೊಳಗೆ ಒಮ್ಮೆ ಹೊಕ್ಕು ಹೊರಬರುತ್ತದೆ. ಹಗ್ಗ ಮಂಜಿನಲ್ಲಿ ಸುರುಳಿ ಬಿಚ್ಚಿಕೊಂಡು ಬೋಟಿನೊಳಗೆ ಬಂದು ಬೀಳುತ್ತದೆ. ನಾಲ್ಕು ಸೆಕೆಂಡೂ ಹಿಡಿಯಲಿಲ್ಲ.

ಬೋಟು ಕಚೇರಿಯ ಕಡತದಲ್ಲಿ ಈ ಕೈಗಳ ಬಗ್ಗೆ ಬರೆದಿರುವುದು ಒಂದೇ ಸಾಲು: "ಹಗ್ಗ ಬಿಡಿಸುವಲ್ಲಿ ಕೈ ನಿಧಾನ."

ಐವತ್ತೆಂಟು ವರ್ಷದ ಒರ್ಸೊಲಾ ಹುಟ್ಟಿದ್ದು ಎದುರಿನ ದ್ವೀಪದ ಸೆರಾಲ್ಬಾ ಕೇರಿಯಲ್ಲಿ. ಅಲ್ಲಿ ಗಂಡಸರು ಮೀನು ಹಿಡಿಯುತ್ತಿದ್ದರು, ಹೆಂಗಸರು ಬಲೆ ಹೆಣೆಯುತ್ತಿದ್ದರು. ತಾಯಿಯ ಬಲೆಯಲ್ಲಿ ಒಂದು ಗಂಟು ಜಾರಿದ್ದನ್ನು ಕಂಡವರಿಲ್ಲ ಎಂದು ಕೇರಿಯ ಮುದುಕಿಯರು ಇಂದಿಗೂ ಹೇಳುತ್ತಾರೆ. "ತಪ್ಪು ಗಂಟು ಬಿದ್ರೆ ಹಲ್ಲಲ್ಲಿ ಕಚ್ಚಿ ಬಿಡಿಸ್ಬಾರ್ದು, ಉಗುರಲ್ಲೇ ಬಿಡಿಸ್ಬೇಕು. ಕಚ್ಚಿದ್ದು ಕಂಡ್ರೆ ಅಮ್ಮ ನೆತ್ತಿ ಮೇಲೆ ಒಂದು ಕುಟ್ತಿದ್ರು. ಐದು ವರ್ಷಕ್ಕೇ ನನ್ನ ನೆತ್ತಿ ಗಟ್ಟಿಯಾಗಿತ್ತು" ಎಂದು ನಗುತ್ತಾರೆ.

ಗಂಡ ರೆಮೊ ಕಲ್ಲುಗಣಿಯಲ್ಲಿದ್ದರು. ಧೂಳು ಎದೆಗಿಳಿದು ಹನ್ನೊಂದು ವರ್ಷದ ಹಿಂದೆ ತೀರಿಕೊಂಡರು. ಬೋಟಿನ ಕೆಲಸಕ್ಕೆ ಒರ್ಸೊಲಾ ಸೇರಿದ್ದು ಅದಕ್ಕೂ ಮುಂಚೆ, ಇಪ್ಪತ್ತೊಂಬತ್ತು ವರ್ಷಗಳಾದವು. ಹಗ್ಗಕ್ಕೆ ಹೆಂಗಸೇ ಎಂದು ಆಗ ದಕ್ಕೆಯ ಮೇಲೆ ನಕ್ಕವರಿದ್ದರು. ಮೊದಲ ವಾರವೇ, ಬೋಟು ದಡ ಮುಟ್ಟಲು ಇನ್ನೂ ಮೂರು ಮೀಟರ್ ಇರುವಾಗ ಎಸೆದ ಕುಣಿಕೆ ಗೂಟದ ಕೊರಳಿಗೆ ಸರಿಯಾಗಿ ಬಿದ್ದದ್ದು ಕಂಡು ಆ ನಗು ನಿಂತಿತು. ದಿನಕ್ಕೆ ಒಂಬತ್ತು ಟ್ರಿಪ್ಪು, ಮೂವತ್ತಾರು ನಿಲುಗಡೆ. ಅಂದರೆ ಮೂವತ್ತಾರು ಸಲ ಕಟ್ಟಬೇಕು, ಮೂವತ್ತಾರು ಸಲ ಬಿಡಿಸಬೇಕು. ನಡುವೆ ಟಿಕೆಟ್ ಹರಿಯಬೇಕು, ಹಲಗೆ ಹಾಕಬೇಕು, ಮುದುಕರ ತೋಳು ಹಿಡಿದು ಇಳಿಸಬೇಕು, ಮಕ್ಕಳ ಗಾಡಿ ಎತ್ತಬೇಕು. ಚಳಿಗಾಲದಲ್ಲಿ ಒದ್ದೆ ಹಗ್ಗ ಬೆರಳಸಂದಿಯನ್ನು ಸೀಳುತ್ತದೆ. ರಾತ್ರಿ ಹಂದಿಕೊಬ್ಬು ಸವರಿ, ಹತ್ತಿಯ ಕೈಗವಸು ತೊಟ್ಟು ಮಲಗುತ್ತಾರೆ.

ಇಂಥ ಕೈಗೆ 'ನಿಧಾನ' ಎಂಬ ಹೆಸರು ಬಂದ ಕಥೆಯನ್ನು ಈಗ ಬರೆಯಬಹುದು. ಅದರಲ್ಲಿ ಪಾಲುದಾರರಾಗಿದ್ದ ಕ್ಯಾಪ್ಟನ್ ತಿಸ್ತಾ ಕಳೆದ ತಿಂಗಳು ನಿವೃತ್ತರಾದರು. ತಪಾಸಣೆಗೆ ಬಂದಿದ್ದ ಇಂಜಿನಿಯರ್ ಗಲ್ದೀನಿ ಬೇರೆ ಕೆಲಸ ಹಿಡಿದು ಹೋಗಿದ್ದಾರೆ.

ಹಿಂದೆ ಮೊದಲ ಬೋಟು ಹೊರಡುತ್ತಿದ್ದದ್ದು ಆರು ಇಪ್ಪತ್ತಕ್ಕೆ. ರೈಲು ಬರಬೇಕಾದದ್ದು ಆರು ಹನ್ನೆರಡಕ್ಕೆ. ಬೆಟ್ಟದ ಸೆರಗಿನಲ್ಲಿ ಇರುವುದು ಒಂದೇ ಹಳಿ. ಎದುರಿನ ರೈಲಿಗೆ ದಾರಿ ಬಿಡಲು ಹಿಂದಿನ ನಿಲ್ದಾಣದಲ್ಲಿ ನಿಂತಿತೆಂದರೆ ಹತ್ತು ನಿಮಿಷ ತಡ. ಆ ರೈಲಿನಲ್ಲಿ ನಿವೆಸ್ ಬರುತ್ತಾರೆ. ದ್ವೀಪದ ವೃದ್ಧಾಶ್ರಮದ ಅಡುಗೆಯವರು ಅವರು. ಅಲ್ಲಿರುವ ಹದಿನೇಳು ಜನರಲ್ಲಿ ಆರು ಮಂದಿಗೆ ಏಳೂಕಾಲಿಗೆ ಸಕ್ಕರೆ ಕಾಯಿಲೆಯ ಸೂಜಿ. ಸೂಜಿ ಚುಚ್ಚಿದ ಕೂಡಲೇ ಹಾಲುಕಾಫಿಯಲ್ಲಿ ನೆನೆಸಿದ ಬ್ರೆಡ್ಡು ಬಾಯಿಗೆ ಬೀಳಬೇಕು. ಆರು ಇಪ್ಪತ್ತರ ಬೋಟು ತಪ್ಪಿದರೆ ಮುಂದಿನದು ಏಳು ಇಪ್ಪತ್ತೈದಕ್ಕೆ.

ಕಾಯೋಣವೆಂದರೆ ಕಾಯಲು ಅಪ್ಪಣೆಯಿಲ್ಲ. ಮೂರು ನಿಮಿಷಕ್ಕಿಂತ ಹೆಚ್ಚು ತಡವಾದರೆ ಕಾರಣ ಬರೆಯಬೇಕು. ಅಚ್ಚಾದ ಹಾಳೆಯಲ್ಲಿ ಐದೇ ಕಾರಣಗಳು: ಮಂಜು, ಗಾಳಿ, ಎಂಜಿನ್, ಪ್ರಯಾಣಿಕರ ಅನಾರೋಗ್ಯ, ಹಗ್ಗ. ರೈಲು ಇನ್ನೊಂದು ಕಚೇರಿಗೆ ಸೇರಿದ್ದು, ಈ ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲ.

"ಮಂಜು ಅಂತ ಬರೆದ್ರೆ ಕಚೇರಿಯವ್ರು ಕಿಟಕಿಯಿಂದ ನೋಡ್ತಾರೆ. ಗಾಳಿ ಅಂದ್ರೆ ಗಾಳಿ ಅಳೆಯೋ ಯಂತ್ರ ಸುಳ್ಳು ಹೇಳಲ್ಲ. ಎಂಜಿನ್ ಅಂದ್ರೆ ಮೆಕ್ಯಾನಿಕ್ ಬಂದು ನಾಲ್ಕು ದಿನ ಬಿಚ್ಚಿ ಹರಡ್ಕೊಂಡು ಕೂರ್ತಾನೆ" ಎಂದು ತಿಸ್ತಾ ನೆನಪಿಸಿಕೊಳ್ಳುತ್ತಾರೆ. "ಹಗ್ಗ ಪಾಪ, ಯಾರ ಮನೆ ಹಾಳು ಮಾಡುತ್ತೆ? ಹಗ್ಗ ಅಂತ ಬರೆದೆ."

ಹೀಗೆ ಬೋಟು ಹೊರಡುವ ಹೊತ್ತಿಗೆ ರೈಲು ಬಂದಿಲ್ಲವೆಂದರೆ ಒರ್ಸೊಲಾ ಅವರ ಗಂಟು ಬಿಚ್ಚಿಕೊಳ್ಳುತ್ತಿರಲಿಲ್ಲ. ಒಂದು ವರ್ಷದಲ್ಲಿ ಅರವತ್ತಮೂರು ಸಲ ಹಗ್ಗ ಸಿಕ್ಕಿಹಾಕಿಕೊಂಡಿತು. ಬೋಟಿನಲ್ಲಿದ್ದವರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ.

ಕಚೇರಿ ಅದನ್ನು ನಿಜವೆಂದೇ ನಂಬಿತು. ಅಕ್ಟೋಬರಿನಲ್ಲಿ ಹೊಸ ನೈಲಾನ್ ಹಗ್ಗ ಬಂತು. ಗಂಟು ಬಿಚ್ಚಲಿಲ್ಲ. ಡಿಸೆಂಬರಿನಲ್ಲಿ ಇಬ್ಬರು ಬಂದು ಗೂಟವನ್ನು ಉಜ್ಜಿ, ತುಕ್ಕು ತೆಗೆದು, ಬಣ್ಣ ಬಳಿದು ಹೋದರು. ಆದರೂ ಬಿಚ್ಚಲಿಲ್ಲ. ಹಗ್ಗ ಸರಿಯಿದೆ, ಗೂಟ ಸರಿಯಿದೆ ಎಂದಾದ ಮೇಲೆ ಉಳಿದದ್ದು ಕೈ. ಮಾರ್ಚ್ ತಿಂಗಳಲ್ಲಿ ಒರ್ಸೊಲಾ ಅವರಿಗೆ ಪತ್ರ ಬಂತು: ಕೈಗಳ ಪರೀಕ್ಷೆ ಇದೆ, ಇಂಥ ದಿನ, ಮೊದಲ ಬೋಟಿಗೆ.

ಆ ಪತ್ರ ಓದಿ ಎರಡು ದಿನ ಊಟ ಸೇರಲಿಲ್ಲ ಎನ್ನುತ್ತಾರೆ. "ಬೇರೆ ಏನಾದ್ರೂ ಅಂದಿದ್ರೆ ನುಂಗ್ಕೋತಿದ್ದೆ. ಟಿಕೆಟ್ ಹರಿಯೋಕೆ ಬರಲ್ಲ ಅನ್ಲಿ, ಬಾಯಿ ಜೋರು ಅನ್ಲಿ. ಗಂಟು ಬಿಡಿಸೋಕೆ ಬರಲ್ಲ ಅಂತ, ಅದೂ ನಮ್ಮ ಕೇರಿಯವ್ಳಿಗೆ!"

ಪರೀಕ್ಷೆಯ ದಿನ ತಿಸ್ತಾ ಅವರು ಒರ್ಸೊಲಾ ಬಳಿ ಬಂದು, "ಇವತ್ತೊಂದಿನ ತೋರಿಸಿಬಿಡು ಮಾರಾಯ್ತಿ. ನನ್ನ ಚಿಂತೆ ಬಿಡು" ಎಂದಿದ್ದರು.

"ತೋರಿಸ್ತೀನಿ. ನೀನು ಹೇಳ್ಬೇಕಾ?" ಎಂದಿದ್ದರು ಒರ್ಸೊಲಾ. ತೋರಿಸುವುದೆಂದೇ ನಿಶ್ಚಯಿಸಿಕೊಂಡು ಬಂದಿದ್ದರು.

ಇಂಜಿನಿಯರ್ ಗಲ್ದೀನಿ ಕಾರಿನಲ್ಲಿ ಬಂದು ಆರು ಗಂಟೆಗೇ ದಕ್ಕೆಯಲ್ಲಿ ನಿಂತಿದ್ದರು. ಕೈಯಲ್ಲಿ ಸೆಕೆಂಡು ಅಳೆಯುವ ಗಡಿಯಾರ. ಆರು ಇಪ್ಪತ್ತಾಯಿತು. ಬೆಟ್ಟದ ಮೇಲೆ ಗಂಟೆ ಹೊಡೆದಿರಲಿಲ್ಲ.

"ಶುರು ಮಾಡಿ" ಎಂದರು ಇಂಜಿನಿಯರ್.

ಒರ್ಸೊಲಾ ಬಗ್ಗಿ ಗಂಟಿಗೆ ಕೈ ಹಾಕಿದರು. ಆಗಲೇ ಸುರಂಗದ ಬಾಯಲ್ಲಿ ಗಂಟೆ ಹೊಡೆಯಿತು. ಇನ್ನು ಹದಿನಾಲ್ಕು. ಬೆರಳು ಗಂಟಿನ ಒಳಗೇ ಇತ್ತು, ಒಮ್ಮೆ ಎಳೆದಿದ್ದರೆ ಮುಗಿಯುತ್ತಿತ್ತು. ಬೋಟು ಹೊರಡುತ್ತಿತ್ತು. ಕೈಯ ಮಾನ ಉಳಿಯುತ್ತಿತ್ತು. ನಿವೆಸ್ ಮೆಟ್ಟಿಲ ಮೇಲೆಯೇ ನಿಂತು ಬೋಟಿನ ಬೆನ್ನು ನೋಡಬೇಕಾಗುತ್ತಿತ್ತು.

ಮೊದಲ ನಮೋ ಮರಿಯಾಗೆ ಹಗ್ಗದ ತುದಿಯನ್ನು ತಪ್ಪು ಕಡೆಗೆ ಎಳೆದರು. ಮೂರನೆಯದಕ್ಕೆ ಗಂಟು ಇನ್ನಷ್ಟು ಬಿಗಿಯಾಯಿತು. ಆರನೆಯದಕ್ಕೆ ಎದ್ದು ನಿಂತು ಬೆರಳಿಗೆ ಉಸಿರು ಊದಿಕೊಂಡರು. "ಬೇಕಂತ ಗಂಟು ಹಾಕೋದು ಸುಲಭ. ಬಿಡಿಸೋಕೆ ಬರಲ್ಲ ಅಂತ ನಟಿಸೋದಿದ್ಯಲ್ಲ, ಬೆರಳು ಒಪ್ಪಲ್ಲ. ಅದರ ಪಾಡಿಗೆ ಅದು ಬಿಚ್ಚೋಕೆ ಹೋಗುತ್ತೆ, ನಾನು ಹಿಡ್ಕೋಬೇಕು" ಎನ್ನುತ್ತಾರೆ. ಹನ್ನೊಂದನೆಯದಕ್ಕೆ ಮೆಟ್ಟಿಲ ಮೇಲೆ ಹೆಜ್ಜೆಗಳ ಸದ್ದು ಕೇಳಿತು. ನಿವೆಸ್ ಚೀಲ ಎದೆಗವಚಿಕೊಂಡು ಓಡಿ ಬಂದು ಹಲಗೆ ದಾಟಿದರು. ಗಂಟು ಬಿಚ್ಚಿತು.

"ಮೂರು ನಿಮಿಷ ನಲವತ್ತು ಸೆಕೆಂಡು" ಎಂದು ಇಂಜಿನಿಯರ್ ಬರೆದುಕೊಂಡು, ಮುಂದಿನದನ್ನೂ ನೋಡಲೆಂದು ಬೋಟು ಹತ್ತಿದರು.

ಸೆರಾಲ್ಬಾ ಹತ್ತಿರವಾಯಿತು. ತಮ್ಮ ಕೇರಿಯ ದಕ್ಕೆ ಕಂಡದ್ದೇ ಒರ್ಸೊಲಾ ಅವರ ಕೈ ಯಾರ ಮಾತೂ ಕೇಳಲಿಲ್ಲ. ಕುಣಿಕೆ ಮಂಜಿನೊಳಗೆ ಹಾರಿ ಗೂಟದ ಕೊರಳಿಗೆ ಬಿತ್ತು. ನಿವೆಸ್ ಇಳಿದು ದಿಬ್ಬ ಹತ್ತತೊಡಗಿದರು. ಒರ್ಸೊಲಾ ಹಗ್ಗವನ್ನು ಎರಡು ಸೆಕೆಂಡಿನಲ್ಲಿ ಬಿಡಿಸಿ ಸುತ್ತಿಟ್ಟರು. ಮುಂದಿನ ನಿಲುಗಡೆಯಲ್ಲೂ ಹಾಗೇ, ಅದರ ಮುಂದಿನದರಲ್ಲೂ ಹಾಗೇ.

ಇಂಜಿನಿಯರ್ ಗಡಿಯಾರವನ್ನೂ ಆಕೆಯನ್ನೂ ನೋಡಿದರು. "ಈ ಕಡೆ ಹಗ್ಗ ಸಿಕ್ಕಿಹಾಕ್ಕೊಳ್ಳಲ್ವೇನಮ್ಮ?"

"ಈ ಕಡೆಗೆ ರೈಲು ಬರಲ್ಲ ಇಂಜಿನಿಯರೇ."

ಇಂಜಿನಿಯರ್ ಗಡಿಯಾರವನ್ನು ಜೇಬಿಗಿಳಿಸಿದರು. ಓಡಿ ಬಂದ ಆ ಹೆಂಗಸು ಯಾರು ಎಂದು ಕೇಳಿದರು. ಹದಿನೇಳು ಜನರ ಬೆಳಗಿನ ತಿಂಡಿ ಎಂದರು ಒರ್ಸೊಲಾ. ವಾಪಸು ಬರುವಾಗ ಇಂಜಿನಿಯರ್ ತಮ್ಮ ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ರೈಲು ಅಂತ ಬರೆದ್ರೆ ಅರವತ್ಮೂರು ಸುಳ್ಳಿಗೆ ನಿಮ್ಮ ಕ್ಯಾಪ್ಟನ್ ಉತ್ತರ ಕೊಡ್ಬೇಕಾಗುತ್ತೆ. ಕೈ ಅಂತ ಬರೆದ್ರೆ, ನಿಧಾನದ ಕೈಗೆ ಹೆಚ್ಚಿನ ಹೊತ್ತು ಕೊಡಿ ಅಂತ ಶಿಫಾರಸು ಮಾಡೋ ಅಧಿಕಾರ ನನಗಿದೆ. ಬೋಟು ಆರು ನಿಮಿಷ ತಡವಾಗಿ ಹೊರಡುತ್ತೆ. ಆದ್ರೆ ಬರೆದಿದ್ದು ಬರೆದ ಹಾಗೇ ಉಳಿಯುತ್ತೆ. ಏನ್ ಬರೀಲಿ?"

"ರೈಲು ಅಂತಲೇ ಬರೀರಿ, ಉತ್ತರ ನಾನು ಕೊಟ್ಕೋತೀನಿ" ಎಂದು ತಿಸ್ತಾ ಚಕ್ರ ಹಿಡಿದಲ್ಲಿಂದಲೇ ಕೂಗಿದರು.

"ನೀನು ಮುಂದೆ ನೋಡ್ಕೊಂಡು ಓಡ್ಸು" ಎಂದರು ಒರ್ಸೊಲಾ. ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ ಇಂಜಿನಿಯರ ಕಡೆ ತಿರುಗಿ, "ಕೈ ಅಂತಲೇ ಬರೀರಿ" ಎಂದರು.

ಜೂನ್ ತಿಂಗಳಿಂದ ಬೋಟು ಆರು ಇಪ್ಪತ್ತಾರಕ್ಕೆ ಹೊರಡುತ್ತಿದೆ. ಅದರ ಕಾರಣವನ್ನೂ ಅಚ್ಚು ಹಾಕಿಸಿ ಎಲ್ಲ ದಕ್ಕೆಗಳಲ್ಲಿ ಅಂಟಿಸಿದ್ದಾರೆ: ಹಗ್ಗ ಬಿಡಿಸಲು ಹೆಚ್ಚುವರಿ ಆರು ನಿಮಿಷ. ಸೆರಾಲ್ಬಾದ ದಕ್ಕೆಯಲ್ಲೂ ಅಂಟಿಸಿದ್ದಾರೆ. ಅಲ್ಲಿ ಈಗಲೂ ಬಲೆ ಹೆಣೆಯುವ ಎಂಬತ್ತೊಂದರ ಪಿಯೆರಿನಾ ಅಜ್ಜಿ ದಿನಾ ಅದನ್ನು ಓದಿ, "ಏನೇ, ನಿಮ್ಮಮ್ಮ ಇದ್ದಿದ್ರೆ ಇದೇ ಹಗ್ಗದಲ್ಲಿ ನಿನ್ನ ಕಟ್ಟಿ ಹಾಕ್ತಿದ್ಲು" ಎನ್ನುತ್ತಾರೆ. "ಕಟ್ಲಿ ಬಿಡಜ್ಜಿ, ಬಿಚ್ಕೊಂಡು ಬರ್ತಿದ್ದೆ" ಎಂದು ಒರ್ಸೊಲಾ ಹಲಗೆ ಎಳೆದುಕೊಳ್ಳುತ್ತಾರೆ.

ನಿವೆಸ್ ಮಾತ್ರ ಆ ಚೀಟಿಯ ಮುಂದೆ ನಿಲ್ಲುವುದಿಲ್ಲ. "ಇವಳ ಕೈ ನಿಧಾನ ಅಂದವ್ರ ಬಾಯಿಗೆ ನನ್ನ ಸೌಟು ಹಾಕ" ಎನ್ನುತ್ತಾ ದಿಬ್ಬ ಹತ್ತುತ್ತಾರೆ. ಬೋಟು ಹೊತ್ತಿಗೆ ಸರಿಯಾಗಿ ಸಿಕ್ಕಮೇಲೆ ಏಳೂಕಾಲಿಗೆ ಹದಿನೇಳು ಬಟ್ಟಲೂ ಮೇಜಿನ ಮೇಲಿರುತ್ತವೆ.

ಒರ್ಸೊಲಾ ಅವರ ನಿವೃತ್ತಿಗೆ ಇನ್ನೆರಡು ವರ್ಷವಿದೆ. ಕಡತದ ಆ 'ಕೈ ನಿಧಾನ' ಎಂಬ ಸಾಲನ್ನು ಹೊಡೆದುಹಾಕಲು ಕಚೇರಿಗೆ ಅರ್ಜಿ ಕೊಡಬಾರದೇ ಎಂದರೆ ತಲೆ ಅಲ್ಲಾಡಿಸುತ್ತಾರೆ. ಹೊಡೆದುಹಾಕಿದರೆ ಆರು ನಿಮಿಷವೂ ಹೋಗುತ್ತದೆ. ಹಗ್ಗವನ್ನು ಮೊಣಕೈಗೆ ಸುತ್ತಿ ಮುಗಿಸಿ ಹೇಳುತ್ತಾರೆ:

"ಒಂದೇ ಆಸೆ. ನನ್ನ ಕೊನೇ ದಿನ ಯಾರಾದ್ರೂ ಗಡಿಯಾರ ಹಿಡ್ಕೊಂಡು ಇಲ್ಲಿ ಬಂದು ನಿಲ್ಲಲಿ. ಒಂದು ಸಲ ಬಿಡಿಸಿ ತೋರಿಸಿ ಹೋಗ್ತೀನಿ. ಆ ದಿನ ರೈಲು ಮಾತ್ರ ಹೊತ್ತಿಗೆ ಸರಿಯಾಗಿ ಬಂದಿರ್ಬೇಕು."