ದಮ್ಮಡಿ ಮೊದಲೋ, ಪದ ಮೊದಲೋ

ಹಂಸ ರೆಕಾರ್ಡ್ ಮಾಡಿ ತಂದಿದ್ದ ಪದದ ಸಿ.ಡಿ.ಯನ್ನು ನಯಾಜ್ ಸಾಹೇಬರು ಎರಡನೆಯ ಸಲವೂ ವಾಪಸು ಕೊಟ್ಟರು. ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವರದೊಂದು ಅಂಗಡಿ. ಭಜನೆ, ತತ್ವಪದ, ಸೋಬಾನೆಗಳ ಕ್ಯಾಸೆಟ್ಟು, ಸಿ.ಡಿ. ಮಾಡಿಸಿ ಊರೂರಿಗೆ ಕಳಿಸುತ್ತಿದ್ದರು. ಎದುರೆದುರೇ ಬೈಯುವ ಜಾಯಮಾನ ಅವರದಲ್ಲ.

“ಹಾಡೋರು ಚೆನ್ನಾಗ್ ಹಾಡ್ತಾರೆ ಬೇಟಿ, ಬಾರಿಸೋರೂ ಚೆನ್ನಾಗ್ ಬಾರಿಸ್ತಾರೆ. ಆದ್ರೆ ಇಬ್ರೂ ಜಗಳ ಆಡಿ ಮಾತು ಬಿಟ್ಟಂಗೈತೆ,” ಎಂದರು. ಹಿಂದುಗಡೆ ಇನ್ನೊಂದು ದಮ್ಮಡಿ ಸಣ್ಣಗೆ ಕೇಳುತ್ತದೆ, ಅದು ಯಾರದು ಎಂದೂ ಕೇಳಿದರು. ಶ್ರಾವಣದ ಮಾಲಿನ ಮೊದಲ ಸಿ.ಡಿ.ಯನ್ನು ಸೋಮವಾರ ನಕಲು ತೆಗೆಯುವ ಮಿಷಿನ್ನಿಗೆ ಹಾಕಬೇಕು. ಶನಿವಾರ ಸಂಜೆ ಆರರೊಳಗೆ ಒಂದೇ ಒಂದು ಪದವನ್ನು ಸರಿಯಾಗಿ ಮಾಡಿ ತಂದರೆ ಉಳಿದ ಕೆಲಸವೂ ಅವಳಿಗೇ. ಇಲ್ಲವಾದರೆ ಬೇರೆ ಕಡೆ ನೋಡಿಕೊಳ್ಳುತ್ತೇನೆ ಎಂದರು.

ಅದು ಎರಡು ಸಾವಿರದ ಮೂರನೆಯ ಇಸವಿಯ ಆಷಾಢ. ಹಂಸಳಿಗೆ ಆ ಶನಿವಾರ ತಪ್ಪಿದರೆ ರೂಮೂ ತಪ್ಪುತ್ತಿತ್ತು.

ರೂಮಿನ ಕತೆ ಇಷ್ಟು. ಅವಳ ಅಪ್ಪ ರಾಮಾಂಜಿನಪ್ಪ ರಾಮಮೂರ್ತಿ ನಗರದ ಹಳಬರು. ರಾಗಿ ಬೆಳೆಯುತ್ತಿದ್ದ ಹೊಲದ ತುಂಡಿನಲ್ಲಿ ಸಾಲಾಗಿ ಆರು ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಹಂಸ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಮೂರು ವರ್ಷ ಕೇಬಲ್ ಟಿ.ವಿ. ಆಫೀಸಿನಲ್ಲಿ ಜಾಹೀರಾತಿಗೆ ದನಿ ಕೂಡಿಸುವ ಕೆಲಸ ಮಾಡಿದವಳು. ಆ ಆಫೀಸು ಮುಚ್ಚಿದ ಮೇಲೆ ಅಲ್ಲಿನ ಹಳೆಯ ಕಂಪ್ಯೂಟರನ್ನೇ ಮನೆಗೆ ತಂದು, ರೆಕಾರ್ಡಿಂಗ್ ಮಾಡುತ್ತೇನೆ, ಆರನೆಯ ರೂಮು ಕೊಡಿ ಎಂದಳು. ಗಂಡು ನೋಡುವ ವಯಸ್ಸಿನಲ್ಲಿ ಇದೇನು ಎಂದು ಮನೆಯಲ್ಲಿ ಗದ್ದಲವಾಯಿತು. ರಾಮಾಂಜಿನಪ್ಪ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕೊನೆಗೊಂದು ಗಡುವು ಹಾಕಿದರು. ಆಷಾಢದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ, ರೂಮು ಹೇಗೂ ಖಾಲಿಯೇ ಬಿದ್ದಿರುತ್ತದೆ. ಆಷಾಢ ಕಳೆಯುವವರೆಗೆ ಇಟ್ಟುಕೋ, ಅಷ್ಟರಲ್ಲಿ ಕೆಲಸ ಕೈಹಿಡಿದರೆ ಸರಿ, ಇಲ್ಲದಿದ್ದರೆ ಶ್ರಾವಣಕ್ಕೆ ಬಾಡಿಗೆಯವರು ಬರುತ್ತಾರೆ. ಆ ಶನಿವಾರ ಕಳೆದರೆ ಅಮಾವಾಸ್ಯೆಗೆ ಮೂರೇ ದಿನ. ರೂಮು ಕೇಳಿದ ಸಂಸಾರವೊಂದು ಆಗಲೇ ಬಂದು ಕಿಟಕಿಯಲ್ಲಿ ಇಣುಕಿ ಹೋಗಿತ್ತು.

ಹಾಡುವವರು ಪಕ್ಕದಲ್ಲೇ ಇದ್ದರು. ಯಾದಗಿರಿ ಕಡೆಯಿಂದ ಬಂದ ಬಸಣ್ಣ, ಸಾಬಮ್ಮ ಎಂಬ ಗಂಡಹೆಂಡಿರು ಮೂರನೆಯ ರೂಮಿನಲ್ಲಿ ಬಾಡಿಗೆಗಿದ್ದರು. ಬಸಣ್ಣ ಕೆ.ಆರ್. ಪುರದ ಕಟ್ಟಡವೊಂದರಲ್ಲಿ ರಾತ್ರಿ ಕಾವಲು ಕಾಯ್ದು ಹಗಲು ಮಲಗುವವನು. ಸಾಬಮ್ಮ ಬೆನ್ಸನ್ ಟೌನಿನ ಎರಡು ಮನೆಗಳಲ್ಲಿ ಹಗಲೆಲ್ಲ ದುಡಿಯುವವಳು. ಅಮಾವಾಸ್ಯೆಯಂದು ಬಸಣ್ಣನಿಗೆ ರಜೆ. ಅಂದು ಅವನು ಚರ್ಮ ಬಿಗಿದ, ಅಂಗೈಯಗಲದ ದುಂಡನೆಯ ದಮ್ಮಡಿ ಬಡಿಯುತ್ತಿದ್ದರೆ ಸಾಬಮ್ಮ ತಾಯಿಯಿಂದ ಕಲಿತ ಗುರುವಿನ ಪದಗಳನ್ನು ಹಾಡುತ್ತಿದ್ದಳು. ಗೋಡೆಯಾಚೆಯಿಂದ ಅದನ್ನು ಕೇಳಿಯೇ ಹಂಸ ಅವರನ್ನು ನಯಾಜ್ ಸಾಹೇಬರಿಗೆ ಪರಿಚಯಿಸಿದ್ದಳು.

ಹಂಸಳ ಬಳಿ ಇದ್ದದ್ದು ಒಂದೇ ಮೈಕು. ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ ಆ ಸಣ್ಣ ರೂಮಿನಲ್ಲಿ ದಮ್ಮಡಿಯ ಸದ್ದು ಪದವನ್ನು ನುಂಗಿಹಾಕುತ್ತಿತ್ತು. ಅದಕ್ಕೇ ಒಬ್ಬರಾದ ಮೇಲೆ ಒಬ್ಬರನ್ನು ರೆಕಾರ್ಡ್ ಮಾಡಿದಳು. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ಪ್ರೇಮ್‌ಕುಮಾರ್ ಹೇಳಿಕೊಟ್ಟದ್ದು ಅವಳಿಗೆ ಬಾಯಿಪಾಠವಾಗಿತ್ತು. ಮೊದಲು ತಾಳ ಹಾಕಿಸು, ಆಮೇಲೆ ಅದನ್ನು ಹಾಡುವವರ ಕಿವಿಗೆ ಕೊಟ್ಟು ಹಾಡಿಸು. ಹಾಗೆಯೇ ಮಾಡಿದ್ದಳು.

ಶನಿವಾರ ಸಾಬಮ್ಮ ಬೆಳಗಿನ ಮನೆಯ ಕೆಲಸ ಮುಗಿಸಿ ಒಂದು ಗಂಟೆಗೆ ಬಂದಳು. ಇನ್ನೊಂದು ಮನೆಯ ಕೆಲಸಕ್ಕೆ ಮೂರಕ್ಕೆ ಅವಳು ಬಸ್ಸು ಹಿಡಿಯಲೇಬೇಕು. ಆ ವಾರವೆಲ್ಲ ನಾಲ್ಕಕ್ಕೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಶಿವಾಜಿನಗರ ಮುಟ್ಟಲು ಒಂದು ಗಂಟೆಯಾದರೂ ಬೇಕು. ಹಂಸ ಗಡಿಯಾರವನ್ನು ಗೋಡೆಯಿಂದ ಇಳಿಸಿ ಕಂಪ್ಯೂಟರಿನ ಪಕ್ಕ ಇಟ್ಟುಕೊಂಡಳು.

ಎರಡನೆಯ ದಮ್ಮಡಿ ಯಾರದೆಂಬುದು ಬೇಗ ಸಿಕ್ಕಿತು. ಕಂಪ್ಯೂಟರಿನಲ್ಲಿ ಸಾಬಮ್ಮನ ದನಿ ಇದ್ದ ಸಾಲನ್ನಷ್ಟೇ, ಅಂದರೆ ಟ್ರ್ಯಾಕನ್ನಷ್ಟೇ, ಹಾಕಿ ಕೇಳಿದಾಗ ಅದರೊಳಗೂ ದಮ್ಮಡಿ ಸಣ್ಣಗೆ ಬಡಿಯುತ್ತಿತ್ತು. ಪರದೆಯ ಮೇಲೆ ರೆಕಾರ್ಡಿಂಗಿನ ಕಿಟಕಿ ತೆರೆದು ನೋಡಿದರೆ, ‘ಮೈಕು’ ಎಂಬುದರ ಎದುರು ಇರಬೇಕಾದ ಗುರುತು ‘ಕಂಪ್ಯೂಟರಿನಲ್ಲಿ ಕೇಳಿಸುವುದೆಲ್ಲ’ ಎಂಬುದರ ಎದುರು ಇತ್ತು. ಅಂದರೆ ಸಾಬಮ್ಮನ ಕಿವಿಗೆ ಹೋಗುತ್ತಿದ್ದ ದಮ್ಮಡಿಯೂ ಅವಳ ದನಿಯ ಜೊತೆ ಮತ್ತೆ ದಾಖಲಾಗುತ್ತಿತ್ತು. ಗುರುತನ್ನು ಬದಲಾಯಿಸಿದಳು. ಒಂದು ಪೀಡೆ ತೊಲಗಿತು.

ಇನ್ನೊಂದು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ದನಿ ತಾಳದ ಹಿಂದೆ ಬೀಳುತ್ತಿತ್ತು. ಹಂಸ ಹೆಡ್‌ಫೋನನ್ನು ಮೈಕಿಗೆ ಒತ್ತಿ ಹಿಡಿದು, ದಮ್ಮಡಿಯನ್ನೇ ಇನ್ನೊಂದು ಸಾಲಿಗೆ ರೆಕಾರ್ಡ್ ಮಾಡಿ ನೋಡಿದಳು. ಒಂದೇ ಪೆಟ್ಟು ಎರಡು ಸಾಲಿನಲ್ಲೂ ಒಂದೇ ಜಾಗದಲ್ಲಿ ಬೀಳಬೇಕಿತ್ತು. ಆದರೆ ಎರಡನೆಯದು ಸೆಕೆಂಡಿನ ಎಂಟರಲ್ಲೊಂದು ಪಾಲು ತಡವಾಗಿ ಬಿದ್ದಿತ್ತು. ಕಂಪ್ಯೂಟರು ಕೇಳಿದ್ದನ್ನು ಬರೆದುಕೊಳ್ಳಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ಆ ಅಳತೆ ಹಿಡಿದು ದನಿಯ ಸಾಲನ್ನು ಅಷ್ಟು ಬೇಗ ಬೀಳುವಂತೆ ಸರಿಸಿದಳು. ಪದದ ಮೊದಲ ಸಾಲು ತಾಳಕ್ಕೆ ಸರಿಯಾಗಿ ಕೂತಿತು. ಹಂಸಳ ಎದೆ ಹಗುರಾಯಿತು. ಪದದ ಎರಡನೆಯ ಸಾಲಿನ ಕೊನೆಯಲ್ಲಿ ದನಿ ಮತ್ತೆ ಜಾರಿತು. ನಾಲ್ಕನೆಯ ಸಾಲಿಗೆ ಪೂರಾ ಒಂದು ಪೆಟ್ಟು ಹಿಂದೆ ಬಿದ್ದಿತ್ತು.

ಹೊಸದಾಗಿ ಹಾಡಿಸಿದಳು. ಅದೂ ಹಾಗೇ ಆಯಿತು. ಮಿಷಿನ್ನು ಹೊತ್ತು ಕಳೆದಂತೆ ಹೆಚ್ಚು ಹೆಚ್ಚು ಹಿಂದೆ ಬೀಳುತ್ತಿದೆಯೋ ಏನೋ ಎಂಬ ಅನುಮಾನ ಬಂದು, ಹೆಡ್‌ಫೋನನ್ನು ಮತ್ತೆ ಮೈಕಿಗೆ ಒತ್ತಿ ಐದು ನಿಮಿಷ ಅಲುಗಾಡದೆ ಕೂತಳು. ಆ ಐದು ನಿಮಿಷ ಅವಳಿಗೆ ಬೆಂಕಿಯ ಮೇಲೆ ಕೂತಂತಿತ್ತು. ಕೊನೆಗೆ ನೋಡಿದರೆ ಮೊದಲ ಪೆಟ್ಟಿನಲ್ಲಿ ಎಷ್ಟು ಅಂತರವಿತ್ತೋ ಕೊನೆಯ ಪೆಟ್ಟಿನಲ್ಲೂ ಅಷ್ಟೇ ಇತ್ತು. ಮಿಷಿನ್ನಿನ ತಪ್ಪಾಗಿದ್ದರೆ ಅದು ಒಂದೇ ಸಮ ಇರುತ್ತದೆ. ಇದು ಮಿಷಿನ್ನಿನದಲ್ಲ.

ಗಂಟೆ ಎರಡೂವರೆ ದಾಟಿತ್ತು. ಹಾಗಾದರೆ ತಪ್ಪು ಹಾಡುವವರದು ಎನ್ನುವ ಮಾತು ಹಂಸಳ ನಾಲಗೆಯ ತುದಿಗೆ ಬಂದಿತ್ತು. ತಿರುಗಿ ನೋಡಿದರೆ ಸಾಬಮ್ಮ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

“ನಂದೇ ತಪ್ಪದ್ರೀ ಅಕ್ಕೋರ,” ಎಂದಳು. “ಓಡಿ ಓಡಿ ಹಾಡ್ಲತೀನಿ. ಆದ್ರ ಕಿವ್ಯಾಗ ಅಂವ ನಿಲ್ಲಂಗೇ ಇಲ್ಲ.”

“ನಿಲ್ಲೋದಾ? ಯಾಕ್ ನಿಲ್ಬೇಕು?”

“ಮನ್ಯಾಗ ಹಾಡಬೇಕಾದ್ರ ನಿಲ್ತಾನ್ರೀ. ನಾ ಕೊನಿಗಿ ಎಳದು ಉಸುರು ತಗೊಳ್ಳೋತನ ಕೈ ಎತ್ತಿ ಹಿಡದು ಕುಂತಿರ್ತಾನ. ನಾ ಎತ್ತಿಕೊಂಡ ಮ್ಯಾಲೇ ಬಡಿತಾನ. ನಮ್ಮ ಕಡಿ ಪದ ಮುಂದ, ದಮ್ಮಡಿ ಹಿಂದ. ಇಲ್ಲಿ ಅಂವ ಮೊದಲೇ ಬಡದು ಹೋಗ್ಯಾನ, ನಾ ಏನು ಮಾಡ್ಲಿ?”

ಹಂಸ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. ಹದಿನೈದು ದಿನದಿಂದ ಕೇಬಲ್ಲು, ಕಾರ್ಡು, ಸಾಫ್ಟ್‌ವೇರು ಎಂದು ತಲೆ ಕೆಡಿಸಿಕೊಂಡಿದ್ದಳು. ಒಬ್ಬರನ್ನೂ ಕೇಳಿರಲಿಲ್ಲ. ಸಾಬಮ್ಮನೂ ಹೇಳಿರಲಿಲ್ಲ. ಓದಿದ ಅಕ್ಕ, ಮನೆ ಒಡೆಯರ ಮಗಳು ಹೇಳಿದ ಮೇಲೆ ಅದೇ ಸರಿ ಇರಬೇಕು ಎಂದುಕೊಂಡು ಸುಮ್ಮನಿದ್ದಳು. ಬಸಣ್ಣನೂ ಅಷ್ಟೆ. ತಾಳ ಹಾಕು ಎಂದಿದ್ದಕ್ಕೆ, ಎದುರಿಗೆ ಹಾಡುವವಳಿಲ್ಲದೆ, ಯಾರಿಗೂ ಕಾಯದೆ ಆರು ನಿಮಿಷ ಒಂದೇ ಸಮ ಬಡಿದು ಹೋಗಿದ್ದ.

ಹಂಸ ದಮ್ಮಡಿಯ ಸಾಲನ್ನು ಅಳಿಸಿದಳು. ಕೈಯಲ್ಲಿದ್ದ ಒಂದು ಆಧಾರವೂ ಹೋದಂತಾಯಿತು.

“ಕಿವಿಗೆ ಏನೂ ಬೇಡ,” ಎಂದಳು. “ಮನೇಲಿ ಹಾಡ್ದಂಗೆ ಹಾಡಿ. ಬಸಣ್ಣ ಎದುರಿಗೆ ಕೂತವ್ನೆ ಅನ್ಕೊಳ್ಳಿ.”

ಸಾಬಮ್ಮ ಗೋಡೆಯ ಕಡೆ ತಿರುಗಿ ಕೂತು, ತೊಡೆಯ ಮೇಲೆ ಕೈಯಿಟ್ಟು ಹಾಡಿದಳು. ಪದ ಆರು ನಿಮಿಷದ್ದು. ನಡುವೆ ಹೊರಗೆ ತರಕಾರಿ ಗಾಡಿಯವನ ಕೂಗು ಕೇಳಿತು. ಅದೃಷ್ಟಕ್ಕೆ ಅದು ಪದದ ನಡುವಿನ ಬಿಡುವಿನಲ್ಲಿ ಬಿದ್ದಿತ್ತು, ಆ ತುಂಡನ್ನು ಮೌನ ಮಾಡಬಹುದಾಗಿತ್ತು. ಪದ ಮುಗಿದಾಗ ಮೂರಕ್ಕೆ ಐದು ನಿಮಿಷವಿತ್ತು. ಹೇಗಾಯಿತೆಂದು ಕೇಳಲು ನಿಲ್ಲದೆ ಸಾಬಮ್ಮ ಚಪ್ಪಲಿ ಮೆಟ್ಟಿ ಬಸ್ಸಿಗೆ ಓಡಿದಳು.

ಬಸಣ್ಣನನ್ನು ಎಬ್ಬಿಸುವುದೇ ಒಂದು ಕೆಲಸವಾಯಿತು. ಬಾಗಿಲು ಬಡಿದು ಬಡಿದು ಹಂಸಳ ಬೆರಳ ಗೆಣ್ಣುಗಳು ನೋಯುತ್ತಿದ್ದವು. ಕಣ್ಣು ಕೆಂಪಗೆ ಮಾಡಿಕೊಂಡು ದಮ್ಮಡಿ ಹಿಡಿದು ಬಂದವನ ತಲೆಗೆ ಹೆಡ್‌ಫೋನು ಹಾಕಿ, ಇಷ್ಟೇ ಹೇಳಿದಳು. ಈ ಸಲ ಸಾಬಮ್ಮ ಹಾಡುತ್ತಾಳೆ, ಅವಳ ಹಿಂದೆ ಹೋಗು.

“ದಿನಾ ಅದೇ ಅಲ್ಲೇನ್ರೀ ನಾ ಮಾಡೋದು,” ಎಂದ ಬಸಣ್ಣ. ಅವನ ಮುಖದಲ್ಲಿ ನಿದ್ದೆಯೂ ನಗುವೂ ಒಟ್ಟಿಗಿದ್ದವು.

ಮೊದಲ ಸಲ ಅವನು ಅರ್ಧಕ್ಕೇ ನಿಲ್ಲಿಸಿದ. ಹೆಂಡತಿಯ ದನಿ ಇಷ್ಟು ಹತ್ತಿರದಿಂದ ಕೇಳಿ ಬಾರಿಸುವುದೇ ಮರೆತುಹೋಯಿತೆಂದ. ಮೂರೂವರೆ ದಾಟಿತ್ತು. ಎರಡನೆಯ ಸಲ ಕಣ್ಣು ಮುಚ್ಚಿ ಕೂತ. ಸಾಬಮ್ಮ ಎಳೆದಲ್ಲೆಲ್ಲ ಅವನ ಕೈ ಗಾಳಿಯಲ್ಲಿ ನಿಂತಿತು, ಅವಳು ಎತ್ತಿಕೊಂಡಲ್ಲಿ ಇಳಿಯಿತು. ಹಾಡು ಕೇಳಿಸದ ಹಂಸಳಿಗೆ ಬರಿಯ ದಮ್ಮಡಿ ಕೇಳುತ್ತಿತ್ತು. ಅಲ್ಲಲ್ಲಿ ನಿಲ್ಲುವ, ಅಂಕೆಗೆ ಸಿಗದ ಆ ಸದ್ದು ಸರಿಯೋ ತಪ್ಪೋ ತಿಳಿಯದೆ ಅವಳು ಗಡಿಯಾರವನ್ನೇ ನೋಡುತ್ತಿದ್ದಳು.

ಎರಡನ್ನೂ ಕೂಡಿಸಿ ಹಾಕಿದಳು. ದಮ್ಮಡಿ ಚೂರು ತಡವಾಗಿತ್ತು. ಅದು ಮಿಷಿನ್ನಿನ ಪಾಲಿನ ತಡ, ಅಳತೆ ಗೊತ್ತಿತ್ತು. ಅವಸರದಲ್ಲಿ, ಮಧ್ಯಾಹ್ನ ಮಾಡಿದ ಅಭ್ಯಾಸಬಲಕ್ಕೆ ಮತ್ತೆ ದನಿಯ ಸಾಲನ್ನೇ ಸರಿಸಿದಳು. ಅಂತರ ಕಡಿಮೆಯಾಗುವ ಬದಲು ಎರಡರಷ್ಟಾಯಿತು. ಈಗ ಆಮೇಲೆ ಬಂದದ್ದು ದಮ್ಮಡಿ, ಸರಿಸಬೇಕಾದದ್ದು ಅದನ್ನು ಎಂಬುದು ಹೊಳೆಯಲು ಎರಡು ನಿಮಿಷ ಬೇಕಾಯಿತು. ಸರಿಸಿದಳು. ಆಗ ಅಮಾವಾಸ್ಯೆಯ ರಾತ್ರಿ ಗೋಡೆಯಾಚೆ ಕೇಳುತ್ತಿದ್ದುದು ಕೋಣೆಯೊಳಗೆ ಕೇಳಿತು.

ಮೂರು ಐವತ್ತೆರಡು. ಸಿ.ಡಿ.ಗೆ ಇಳಿಸಲು ಎಂಟು ನಿಮಿಷ ಬೇಕು, ಇರುವುದು ಒಂದೇ ಖಾಲಿ ಸಿ.ಡಿ. ನಡುವೆ ಕರೆಂಟು ಹೋದರೆ ಅದು ಯಾವ ಕೆಲಸಕ್ಕೂ ಬಾರದು. ಕಾದರೆ ಕರೆಂಟು ಬರುವಷ್ಟರಲ್ಲಿ ನಯಾಜ್ ಸಾಹೇಬರು ಬಾಗಿಲು ಎಳೆದಿರುತ್ತಾರೆ. ಹಂಸ ಗುಂಡಿ ಒತ್ತಿ, ಫ್ಯಾನು ಆರಿಸಿ, ಲೈಟು ಆರಿಸಿ ಮಬ್ಬಿನಲ್ಲಿ ನಿಂತಳು. ಫ್ಯಾನು ಆರಿಸಿದರೆ ಕರೆಂಟು ಹೋಗುವುದಿಲ್ಲ ಎಂದೇನೂ ಇಲ್ಲ. ಆದರೂ ಏನಾದರೊಂದು ಮಾಡಬೇಕೆನ್ನಿಸಿತ್ತು. ಬಸಣ್ಣನೂ ಏಕೋ ದಮ್ಮಡಿಯನ್ನು ಎದೆಗೊತ್ತಿಕೊಂಡು ಸದ್ದಿಲ್ಲದೆ ಕೂತಿದ್ದ. ನಾಲ್ಕು ಹೊಡೆಯಿತು. ನಾಲ್ಕೂ ಒಂದು. ಸಿ.ಡಿ. ಹೊರಗೆ ಬಂತು. ಅಂದು ಕರೆಂಟು ಐದಾದರೂ ಹೋಗಲಿಲ್ಲವೆಂಬುದು ಅವಳಿಗೆ ಆಮೇಲೆ ತಿಳಿಯಿತು.

ಹಲಸೂರಿನ ಬಳಿ ಬಸ್ಸು ಅರ್ಧ ಗಂಟೆ ನಿಂತೇ ಬಿಟ್ಟಿತು. ಹಂಸ ಇಳಿದು ಆಟೋ ಹಿಡಿದಳು. ಅಂಗಡಿ ಮುಟ್ಟಿದಾಗ ಆರಕ್ಕೆ ಹತ್ತು ನಿಮಿಷವಿತ್ತು. ನಯಾಜ್ ಸಾಹೇಬರು ಕೂರು ಎಂದೂ ಹೇಳದೆ ಸಿ.ಡಿ. ಹಾಕಿದರು. ಮೊದಲಿನಿಂದ ಕೇಳಲಿಲ್ಲ, ನೇರವಾಗಿ ನಡುವಿಗೆ ಹೋದರು. ಸಾಬಮ್ಮನ ದನಿ ಎಳೆಯಿತು, ದಮ್ಮಡಿ ಕಾಯಿತು. ಅವರು ಇನ್ನಷ್ಟು ಮುಂದಕ್ಕೆ ಓಡಿಸಿದರು. ಅಲ್ಲೂ ಕಾಯಿತು. ಆಮೇಲೆ ಹಿಂದಕ್ಕೆ ಬಂದು ಮೊದಲಿನಿಂದ ಪೂರಾ ಕೇಳಿದರು. ಆರು ನಿಮಿಷ ಹಂಸ ಅವರ ಮುಖ ನೋಡದೆ ನೆಲ ನೋಡುತ್ತ ನಿಂತಿದ್ದಳು.

“ಏನ್ ರಿಪೇರಿ ಮಾಡ್ದೆ?” ಎಂದು ಕೇಳಿದರು.

“ಮಿಷಿನ್ನಿಂದು ಸ್ವಲ್ಪ ಇತ್ತು ಸಾರ್. ಜಾಸ್ತಿ ತಪ್ಪು ನಂದೇ.”

ಅವರು ನಗಲಿಲ್ಲ. ಒಂದು ಪಟ್ಟಿ ತೆಗೆದು, ಉಳಿದ ಏಳು ಪದಗಳ ಎದುರು ಅವಳ ಹೆಸರು ಬರೆದರು. ಸೋಮವಾರ ಈ ಒಂದು ಹೋಗಲಿ, ಮಿಕ್ಕಿದ್ದು ಎರಡನೇ ಸಿ.ಡಿ.ಗೆ ಎಂದರು. ಹೊಸಕೋಟೆ ಕಡೆಯ ಸೋಬಾನೆ ಹೆಂಗಸರಿದ್ದಾರೆ, ಅವರನ್ನೂ ಕಳಿಸುತ್ತೇನೆ, ವಿಳಾಸ ಕೊಡು ಎಂದರು. ಹಂಸ ಪೆನ್ನು ಹಿಡಿದು ಒಂದು ಗಳಿಗೆ ತಡೆದಳು. ಆಮೇಲೆ ಆರನೆಯ ರೂಮು ಎಂದೇ ಬರೆದಳು.

ಬಸ್ ನಿಲ್ದಾಣದ ಒಂದು ರೂಪಾಯಿ ಫೋನಿನಿಂದ ಮನೆಗೆ ಫೋನು ಮಾಡಿದಳು. ರಾಮಾಂಜಿನಪ್ಪ ಎಲ್ಲವನ್ನೂ ಕೇಳಿಸಿಕೊಂಡರು.

“ಏಳು ಪದ ಅಂದ್ರೆ ಎಷ್ಟ್ ದಿವ್ಸದ ಕೆಲ್ಸ?”

“ಇದೇ ಶ್ರಾವಣ ಪೂರ್ತಿ ಆಯ್ತದೆ ಅಪ್ಪ. ಆಮೇಲೂ ಬರ್ತವೆ.”

“ಸರಿ ಬುಡು. ರೂಮು ಕೇಳ್ದೋರಿಗೆ ಬೇರೆ ಕಡೆ ನೋಡ್ಕೊಳ್ಳಿ ಅಂತ ಹೇಳ್ಕಳಿಸ್ತೀನಿ. ಇಲ್ಲಿ ಸಾಬಮ್ಮ ಬಂದು ಬಾಗ್ಲಲ್ಲಿ ನಿಂತವ್ಳೆ. ಏನಾಯ್ತೂಂತ ಕೇಳ್ತಾವ್ಳೆ, ಒಳಕ್ಕೂ ಬರಾಕಿಲ್ಲ.”

“ಅವ್ರ ಕೈಗೇ ಕೊಡಿ ಫೋನು.”

ಆ ಕಡೆ ಬಳೆಯ ಸದ್ದಾಯಿತು. ಸಾಬಮ್ಮನ ಉಸಿರು ಫೋನಿನಲ್ಲಿ ಕೇಳಿತು. ಸಾಹೇಬರು ತೆಗೆದುಕೊಂಡರು, ಇನ್ನೂ ಏಳು ಬೇಕಂತೆ, ಯಾವಾಗ ಹಾಡುತ್ತೀರಿ ಎಂದು ಹಂಸ ಕೇಳಿದಳು.

“ನಾಳಿ ಆಯ್ತಾರ ಅದ ಅಲ್ರೀ ಅಕ್ಕೋರ,” ಎಂದಳು ಸಾಬಮ್ಮ. “ಮುಂಜಾನಿ ಅಂವ ಡೂಟಿ ಮುಗಿಸಿ ಬರ್ತಾನ. ಮಲಗಾಕ ಬಿಡಂಗಿಲ್ಲ.”