ಉಳುಕು ತೆಗೆಯುವವಳ ಸೊಂಟ

ಬಾವಿಕಟ್ಟೆಯ ಮೇಲಿದ್ದ ಕೊಡವನ್ನು ಬಗ್ಗಿ ಎತ್ತಿ ಸೊಂಟಕ್ಕೆ ತಿರುಗಿಸಿದೆ. ಅಷ್ಟೇ. ಒಳಗೆ ಏನೋ ಚಟಕ್ ಅಂದಿತು. ಕೊಡ ಬಿತ್ತು, ನಾನೂ ಕುಸಿದು ಕೂತೆ.

ಮೇಲೇಳಲು ಆಗಲಿಲ್ಲ.

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಬೆನ್ನು ತುಳಿದರೆ ಉಳುಕು ಹೋಗುತ್ತದೆ ಅಂತ ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲಿ ಎಲ್ಲರ ನಂಬಿಕೆ. ಹೊಲದಲ್ಲಿ ಉಳುಕಿಸಿಕೊಂಡವರು, ಚಿನ್ನದ ಗಣಿಯಲ್ಲಿ ಸೊಂಟ ಹಿಡಿಸಿಕೊಂಡವರು, ಎಲ್ಲ ನಮ್ಮ ಜಗಲಿಗೆ ಬಂದು ಬೋರಲು ಮಲಗುತ್ತಿದ್ದರು. ನಾನೂ ಮಹಾರಾಣಿಯ ಹಾಗೆ ತುಳಿಯುತ್ತಿದ್ದೆ. ಈಗ ನನ್ನನ್ನು ತುಳಿಯುವವರು ಯಾರು?

“ನಿಮ್ಮ ಚಿಕ್ಕಪ್ಪನೂ ಅಂಗೇ ಉಟ್ಟಿದ್ದಲ್ವೇನಮ್ಮೀ? ತಾಳು, ಕರೆಸ್ತೀನಿ,” ಅಂದರು ಅತ್ತೆ.

ಆಂಡರ್ಸನ್‌ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಚಿಕ್ಕಪ್ಪ ಬಂದ. ಬಾಗಿಲು ತುಂಬುವ ಆಳು. “ಉಸಿರು ಬಿಗಿ ಇಡ್ಕೋ ಅಮ್ಮೀ,” ಅಂತ ಸೊಂಟದ ಮೇಲೆ ಪಾದ ಊರಿದ. ಪಾಪ, ಪ್ರೀತಿಯಿಂದಲೇ ಊರಿದ. ನಾನು ಕಿರುಚಿದ್ದು ರೈಲ್ವೆ ಸ್ಟೇಷನ್ನಿಗೂ ಕೇಳಿಸಿರಬೇಕು.

ಆಮೇಲೆ ಎಡಗಾಲು ನನ್ನದು ಅನ್ನಿಸಲೇ ಇಲ್ಲ.

ಗಣಿ ಕೆಲಸದಲ್ಲಿದ್ದ ನಮ್ಮ ಯಜಮಾನರು ಚಾಂಪಿಯನ್ ರೀಫ್ಸ್ ಗಣಿಯ ಕಡೆಯ ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ಎಕ್ಸ್‌ರೇ ತೆಗೆಸಿದರು, ನನ್ನ ಕಾಲೆತ್ತಿ ನೋಡಿದರು. ಡಿಸ್ಕ್ ಜರುಗಿ ನರ ಒತ್ತುತ್ತಿದೆ ಅಂದರು.

“ಇನ್ನು ಯಾರೂ ತುಳಿಯೋದು ಬೇಡಮ್ಮ.”

ನನಗೆ ಬೇಕಾಗಿದ್ದು ಒಂದೇ ಉತ್ತರ. “ಮಗೀನ ಎತ್ಕೋಬೋದಾ ಸಾರ್?”

“ಈಗ ಬೇಡ. ಆಮೇಲೆ ನೋಡೋಣ.”

ನನ್ನ ಗೌರಿ ಆಗಷ್ಟೇ ಹೆಜ್ಜೆ ಇಡಲು ಕಲಿತಿದ್ದಳು. ಮನೆಗೆ ಬಂದ ಮೇಲೆ ಡಾಕ್ಟರು ಹೇಳಿದಂತೆ ಹಲಗೆಯ ಮೇಲೆ ಮಲಗಿರುತ್ತಿದ್ದ ನನ್ನತ್ತ ಎರಡೂ ಕೈ ಚಾಚುವಳು. ನಾನು ಗೋಡೆ ಕಡೆ ತಿರುಗುತ್ತಿದ್ದೆ. ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಬರಬರುತ್ತಾ ಅವಳು ಕೈ ಚಾಚುವುದನ್ನೇ ಬಿಟ್ಟು ಅಜ್ಜಿಯ ಸೆರಗು ಹಿಡಿದಳು.

ವಾರಕ್ಕೊಮ್ಮೆ ನನ್ನನ್ನು ಕರೆದೊಯ್ಯುತ್ತಿದ್ದ ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿ ಉರಿಗಾಂನ ಒಬ್ಬ ಸಿಸ್ಟರ್ ಇದ್ದರು. ಅವರ ಕನ್ನಡದಲ್ಲಿ ಅರ್ಧ ತಮಿಳು. ಸೊಂಟಕ್ಕೆ ಲ್ಯಾಂಪಿನ ಶಾಖ ಕೊಟ್ಟು, “ಮಂಡಿ ಎದೆಗೆ ತನ್ನಿ. ಮೆದುವಾ, ಮೆಲ್ಲಗೆ,” ಅನ್ನುವರು.

“ನೀವು ಒತ್ತೋದಿಲ್ವಾ?”

“ಇಲ್ಲಕ್ಕಾ, ನೀವೇ ಮಾಡ್ಬೇಕು. ಹೊಟ್ಟೆ ಬಿಗಿ ಮಾಡಿ, ಸೊಂಟಾನ ಹಲಗೆಗೆ ಒತ್ತಿ.”

ಇದೂ ಒಂದು ಔಷಧಿಯಾ ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಬೈಯುತ್ತಲೇ ಮನೆಯಲ್ಲೂ ದಿನಾ ಮಾಡಿದೆ. ಒಂದು ಬೆಳಿಗ್ಗೆ ಹೊಟ್ಟೆ ಬಿಗಿಹಿಡಿದಾಗ ಒಳಗಿನಿಂದ ಯಾರೋ ನನ್ನ ಸೊಂಟಕ್ಕೆ ಆಸರೆ ಕೊಟ್ಟ ಹಾಗಾಯಿತು.

ಅಬ್ಬಾ!

ಮೈ ಜುಮ್ಮೆಂದಿತು. ಎಷ್ಟೋ ಜನರ ಬೆನ್ನಿನ ಮೇಲೆ ನಿಂತವಳು ನಾನು, ಚರ್ಮದ ಕೆಳಗೆ ಇಷ್ಟೊಂದು ಕೆಲಸ ನಡೆಯುತ್ತದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ನಿಲ್ಲುವುದು, ಕೂರುವುದು, ನಿದ್ದೆಯಲ್ಲಿ ಮಗ್ಗುಲು ಬದಲಿಸುವುದು, ಎಲ್ಲವನ್ನೂ ನಾನು ಕೇಳದೆಯೇ ಈ ಮೈ ಇಷ್ಟು ವರ್ಷ ಮಾಡಿಕೊಟ್ಟಿತ್ತಲ್ಲ, ದೇವರೇ! ಆ ಹಲಗೆಯ ಮೇಲೇ ಕೈಮುಗಿದೆ.

ಕಾಲಿಗೆ ಬಲ ಬಂದಮೇಲೆ ಸಿಸ್ಟರ್ ಎತ್ತುವುದನ್ನು ಹೇಳಿಕೊಟ್ಟರು. ಸೊಂಟ ಬಗ್ಗಿಸಬಾರದು. ಕುಕ್ಕರುಗಾಲಲ್ಲಿ ಕೂತು, ಭಾರವನ್ನು ಎದೆಗೆ ಅವಚಿಕೊಂಡು, ಕಾಲಿನ ಬಲದಿಂದ ಏಳಬೇಕು. ಮೊದಲು ದಿಂಬು, ಆಮೇಲೆ ಮರಳಿನ ಚೀಲ. ಕೊನೆಗೆ ಒಂದು ದಿನ, “ಇನ್ನು ಮಗೂನ ಎತ್ತಿ,” ಅಂದರು.

ಮನೆಯಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತೆ. “ಬಾರೇ ಕಂದಾ.” ಗೌರಿ ಬರಲಿಲ್ಲ, ಅಜ್ಜಿಯ ಹಿಂದೆ ಸರಿದಳು. ನಾನು ಎರಡೂ ಕೈ ಚಾಚಿದೆ.

“ಓಗೇ ಮುದ್ದೂ, ನಿಮ್ಮವ್ವ ಕಣೇ,” ಅಂತ ಅತ್ತೆ ಮೆಲ್ಲಗೆ ತಳ್ಳಿದರು.

ಬಂದಳು. ಅವಚಿಕೊಂಡೆ. ಹೊಟ್ಟೆ ಬಿಗಿಹಿಡಿದೆ. ಎದ್ದೆ. ತೊಡೆಗಳು ಎತ್ತಿದವು, ಬೆನ್ನು ಸುಮ್ಮನೆ ಜೊತೆಗೆ ಬಂತು. ಎಡಗಾಲಿನ ಹೆಬ್ಬೆರಳು ಇವತ್ತಿಗೂ ಅರ್ಧ ಮರಗಟ್ಟಿದೆ, ಇರಲಿ.

“ಸಾಕು ಇಳಿಸಮ್ಮೀ, ಸೊಂಟ ನೋವಾದೀತು,” ಅಂದರು ಅತ್ತೆ.

ಇಳಿಸಬೇಕೆಂದೇ ಇದ್ದೆ. ಗೌರಿ ನನ್ನ ಕತ್ತು ಬಿಡಲಿಲ್ಲ.