ಬೀಸದೆ ಬಿಟ್ಟ ಚೆಂಡು

ಮೊನ್ನೆ ಅಮೆರಿಕದ ನಮ್ಮ ಊರು ಸಮಾಮಿಶ್‌ನ ಅಂಗಡಿಯಲ್ಲಿ ಯಾರೋ ಸಿಪ್ಪೆಸಹಿತ ಹುರಿದ ಕಡಲೆಕಾಯಿಯ ಚೀಲ ಹರಿದರು. ಆ ವಾಸನೆಗೆ ನಾನು ತಳ್ಳುಗಾಡಿ ಹಿಡಿದುಕೊಂಡು ನಿಂತೇಬಿಟ್ಟೆ. ನಮ್ಮ ಎದುರು ಮನೆಯ ಕಾಕಾರ ಗ್ಯಾರೇಜಿನ ವಾಸನೆ ಅದು...

ಗದಗದ ಕಡೆಯವರು, ನಿವೃತ್ತ ಎಂಜಿನಿಯರ್. ಮೈಸೂರಿನ ನಾನು ‘ಅಂಕಲ್’ ಎಂದರೆ ತಿರುಗಿಯೂ ನೋಡುತ್ತಿರಲಿಲ್ಲ. ಕಾಕಾ ಅನ್ನಬೇಕು; ಕಡಲೆಕಾಯಿಗೆ ಶೇಂಗಾ ಅನ್ನಬೇಕು. ಬೆಳಕು ಹೋಗಲು ಮನಸ್ಸೇ ಮಾಡದ ಬೇಸಿಗೆಯ ಸಂಜೆಗಳಲ್ಲಿ ಗ್ಯಾರೇಜಿನ ಬಾಗಿಲೆತ್ತಿ, ಎರಡು ಮಡಿಸುವ ಕುರ್ಚಿ ಹಾಕಿ, ರೇಡಿಯೋದಲ್ಲಿ ಬೇಸ್‌ಬಾಲ್ ಕೇಳುತ್ತಿದ್ದರು. ನಾನು ಹೋಗುತ್ತಿದ್ದದ್ದು ಆಟಕ್ಕಲ್ಲ. ನನ್ನ ಚಿಂತೆಗಳನ್ನು ಕೇಳಿ ಕೇಳಿ ಮನೆಯಲ್ಲಿ ಹೆಂಡತಿಗೂ ಸಾಕಾಗಿತ್ತು.

ಕಾಕಾರಿಗೆ ಒಬ್ಬ ಹಳೆಯ ಆಟಗಾರನ ಹುಚ್ಚು. ಬ್ಯಾಟಿಂಗ್ ಸರಾಸರಿಯಲ್ಲಿ ಅವನು ತನ್ನ ಕಾಲದ ಘಟಾನುಘಟಿಗಳಿಗಿಂತ ಕೆಳಗೇ. ಆದರೂ ಒಂದು ಸಂಜೆ ಫೋನಿನಲ್ಲಿ ಎಲ್ಲರ ಅಂಕಿಗಳನ್ನು ಅಕ್ಕಪಕ್ಕ ತೆರೆದು ತೋರಿಸಿದರು.

“ಮನಶ್ಯಾನ್ನ ಅವನ ವಾರಿಗೀ ಮಂದಿ, ಅವನ ವಯಸ್ಸಿನವರ ಜೋಡಿ ಹಚ್ಚಿ ನೋಡಬೇಕೋ ತಮ್ಮಾ. ಈ ‘ವಾಕ್’ ಕಾಲಮ್ ನೋಡು.”

ಅಲ್ಲಿ ಅವನು ಎಲ್ಲರಿಗಿಂತ ಮೇಲೆ. ಕ್ರಿಕೆಟ್ ನೋಡಿ ಬೆಳೆದ ನಾನು ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡೆ.

“ಎಂಥಾ ಪ್ರಾಮಾಣಿಕ ಕಾಕಾ! ಅಂಪೈರ್ ಬೆರಳೆತ್ತೋ ಮುಂಚೇನೇ, ನಾನು ಔಟ್ ಅಂತ ಇಷ್ಟು ಸಲ ನಡೆದುಹೋಗಿದಾನಾ?”

ಕಾಕಾ ನಕ್ಕ ರಭಸಕ್ಕೆ ಮಡಿಲಿನ ಸಿಪ್ಪೆಯೆಲ್ಲ ನೆಲಕ್ಕೆ ಬಿತ್ತು. “ಏ ಹುಚ್ಚಪ್ಪಾ! ಇಲ್ಲೆ ವಾಕ್ ಅಂದ್ರ ಔಟ್ ಅಲ್ಲ. ನಾಕು ಕೆಟ್ಟ ಚೆಂಡು ಬೀಸದ ಬಿಟ್ರ, ಪುಕ್ಕಟ ಮೊದಲನೇ ಬೇಸ್‌ಗೆ, ಅಂದ್ರ ಮೊದಲನೇ ಠಾಣೆಕ್ಕ, ನಡಕೊಂತ ಹೋಗೂದು. ಸುಮ್ನ ನಿಂತದ್ದಕ್ಕೂ ಲೆಕ್ಕ ಐತಿ.”

ಬಂದ ಚೆಂಡಿಗಷ್ಟೇ ಅಲ್ಲ, ಬರಬಹುದಾದ ಚೆಂಡಿಗೂ ಬ್ಯಾಟು ಬೀಸುವ ನನಗೆ ಅದು ಅರ್ಥವಾದಂತೆ ನಟಿಸುವುದಷ್ಟೇ ಸಾಧ್ಯವಾಯಿತು.

ಮರುವರ್ಷ ಅವರ ಹಳೆಯ ಕ್ಯಾನ್ಸರ್ ಮರಳಿತು. ಇನ್ನೊಂದು ಸುತ್ತು ಕೀಮೋ ಕೊಡಬಹುದು ಎಂದರು ಡಾಕ್ಟರು. ಕಾಕಾ ಬೇಡವೆಂದರು. “ನೀವರ ಹೇಳ್ರಿ, ನಿಮ್ಮ ಮಾತು ಕೇಳ್ತಾರ” ಎಂದು ಅವರ ಹೆಂಡತಿ ನನ್ನನ್ನು ಕಳಿಸಿದರು. ನಾನು ಹೇಗೂ ಊಟ ನಿದ್ದೆ ಬಿಟ್ಟು ಓದಿಕೊಂಡಿದ್ದೆ. ಅದೇ ವಯಸ್ಸು, ಅದೇ ಕಾಯಿಲೆ, ಔಷಧ ತೆಗೆದುಕೊಂಡವರು, ಬಿಟ್ಟವರು. ಗ್ಯಾರೇಜಿನಲ್ಲಿ ಕೂತು ಫೋನು ಚಾಚಿದೆ.

“ನಿಮ್ಮ ವಾರಿಗೆಯವರು ಕಾಕಾ, ನೋಡಿ. ತಗೊಂಡೋರಿಗೆ ಸ್ವಲ್ಪ ಜಾಸ್ತಿ ದಿನ ಸಿಕ್ಕಿದೆ.”

ಅವರು ಕನ್ನಡಕ ಏರಿಸಿ, ನನ್ನ ಮರ್ಯಾದೆಗೋಸ್ಕರ ಎಲ್ಲವನ್ನೂ ಓದಿದರು. ರೇಡಿಯೋದಲ್ಲಿ ಜನರ ಗದ್ದಲ ದೂರದ ಸಮುದ್ರದಂತೆ ಏಳುತ್ತ ಬೀಳುತ್ತ ಇತ್ತು.

“ಚಲೋ ಹುಡುಕೀದಿ. ಆದ್ರ ಈ ಚೆಂಡಿಗೆ ನಾ ಬೀಸೂದಿಲ್ಲ ತಮ್ಮಾ. ವಾಕ್ ಮಾಡ್ತೀನಿ.”

“ಯಾವ ವಾಕ್ ಕಾಕಾ? ಕ್ರಿಕೆಟ್ಟಿಂದಾ, ಇಲ್ಲಿದಾ?”

ಅವರು ನನ್ನ ಅಂಗೈಗೆ ಒಂದಿಷ್ಟು ಕಾಳು ಸುರಿದರು. “ಶೇಂಗಾ ತಿನ್ನು.”

ಬೇಸಿಗೆ ಮುಗಿದು ಮೇಪಲ್ ಮರದ ಎಲೆಗಳು ಕೆಂಪಾಗುವ ಹೊತ್ತಿಗೆ ಕಾಕಾ ಇರಲಿಲ್ಲ. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಒಳ್ಳೆಯವರೇ, ಗ್ಯಾರೇಜಿನಲ್ಲಿ ಕಾರು ನಿಲ್ಲಿಸುತ್ತಾರೆ.

ಮೊನ್ನೆ ನಾನೂ ಒಂದು ಚೀಲ ಕೊಂಡೆ. ಮನೆ ಮುಟ್ಟಿದರೂ ಇಳಿಯದೆ, ಎದುರಿನ ಮುಚ್ಚಿದ ಬಾಗಿಲು ನೋಡುತ್ತ ಕಾರಿನಲ್ಲೇ ಕೂತೆ. ಕಾಕಾ ಔಟೆಂದು ತಿಳಿದು ನಡೆದರೋ, ಬೇಸು ಸಿಕ್ಕಿತೆಂದು ನಡೆದರೋ... ಹೆಂಡತಿ ಬಂದು ಗಾಜು ತಟ್ಟಿದಳು. “ಹಾಲು ತರೋಕೆ ಹೋದೋರು ಇದೇನ್ರೀ ತಂದಿದೀರಾ?”

“ಶೇಂಗಾ” ಎಂದೆ.